ಗ್ಯೋತಾಕು ಮಾಡಿ, ಆದರೆ ಬಂಗುಡೆಯಿಂದ ಶುರು ಮಾಡಿ

ಪ್ರಶ್ನೆ: ನಾನು ಕುಂದಾಪುರ ಹತ್ತಿರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೀನಿಗೆ ಶಾಯಿ ಬಳಿದು ಕಾಗದದ ಮೇಲೆ ಅಚ್ಚು ತೆಗೆಯುವ ಜಪಾನಿನ ಗ್ಯೋತಾಕು ಕಲೆಯ ವಿಡಿಯೋ ನೋಡಿದೆ. ನಮ್ಮ ಮಕ್ಕಳಿಂದ ಅಳಿವಿನಂಚಿನಲ್ಲಿರುವ ಕಡಲಜೀವಿಗಳ ಅಚ್ಚು ಮಾಡಿಸಿ ಒಂದು ಪ್ರದರ್ಶನ ಇಡೋಣ ಅಂತಿದ್ದೇನೆ. ಯಾವ ಮೀನು ತಗೊಳ್ಳಬೇಕು? ಹೇಗೆ ಮಾಡುವುದು? ಇದರಿಂದ ಜನರಲ್ಲಿ ನಿಜಕ್ಕೂ ಜಾಗೃತಿ ಮೂಡುತ್ತದಾ, ಅಥವಾ ಸುಮ್ನೆ ಚೆಂದ ನೋಡಿ ಹೋಗುತ್ತಾರಾ?

ಉತ್ತರ: ಮೇಷ್ಟ್ರೇ, ಪ್ರದರ್ಶನ ಖಂಡಿತ ಮಾಡಿ. ಅಳಿವಿನಂಚಿನ ಜೀವಿಯನ್ನೇ ತಂದು ಅಚ್ಚು ತೆಗೆಯುವ ಯೋಚನೆಯನ್ನು ಮಾತ್ರ ಬಿಟ್ಟುಬಿಡಿ. ಅದಕ್ಕೆ ಕಾನೂನಿನ ಕಾರಣವೂ ಇದೆ, ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಎರಡನ್ನೂ ಮುಂದೆ ಹೇಳುತ್ತೇನೆ. ಮೊದಲು ಈ ಕಲೆ ಯಾಕೆ ಹುಟ್ಟಿತು ಅಂತ ನೋಡೋಣ. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಗ್ಯೋತಾಕು ಶುರುವಾದದ್ದು ಗೋಡೆಗೆ ನೇತುಹಾಕುವ ಕಲೆಯಾಗಿ ಅಲ್ಲ. 19ನೇ ಶತಮಾನದ ಜಪಾನಿನಲ್ಲಿ ಗಾಳ ಹಾಕುವವರು ತಾವು ಹಿಡಿದ ಮೀನು ಎಷ್ಟು ದೊಡ್ಡದು ಅಂತ ತೋರಿಸಲು ಇಟ್ಟುಕೊಂಡ ಸಾಕ್ಷಿ ಅದು. ಮೀನು ಎರಡು ದಿನ ಉಳಿಯುವುದಿಲ್ಲ, ಬಾಯಿಮಾತನ್ನು ಯಾರೂ ನಂಬುವುದಿಲ್ಲ. ಗಾಳದವನ ಮೀನು ಪ್ರತಿ ಸಲ ಹೇಳುವಾಗಲೂ ಒಂದು ಗೇಣು ಬೆಳೆಯುತ್ತದೆ, ಅಲ್ವಾ? ಹಾಗಾಗಿ ಮೀನಿಗೇ ಶಾಯಿ ಬಳಿದು ಕಾಗದ ಒತ್ತಿದರು. ಇವತ್ತಿಗೂ ಉಳಿದಿರುವ ತೀರ ಹಳೆಯ ಅಚ್ಚುಗಳು 1839ರ ಸುಮಾರಿನವು. ಉತ್ತರ ಜಪಾನಿನ ಈಗಿನ ಯಾಮಾಗಾತಾ ಪ್ರಾಂತ್ಯದ ತ್ಸುರುವೋಕಾ ಪಟ್ಟಣದ ಹೆಸರು ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ಆಗ ಶೋನಾಯ್ ಸಂಸ್ಥಾನದ ಕೋಟೆಯಿದ್ದ ಊರು. ಅಲ್ಲಿನ ಸಮುರಾಯ್‌ಗಳಿಗೆ ಗಾಳ ಹಾಕುವುದು ಬರೀ ಹವ್ಯಾಸ ಆಗಿರಲಿಲ್ಲ, ಮೈಮನಸ್ಸು ಗಟ್ಟಿ ಮಾಡುವ ತರಬೇತಿ ಅಂತ ಸಂಸ್ಥಾನವೇ ಪ್ರೋತ್ಸಾಹ ಕೊಡುತ್ತಿತ್ತು. ಉದ್ದನೆಯ ಬಿದಿರಿನ ಗಾಳದ ಕೋಲು ಹೊತ್ತು ಗುಡ್ಡ ದಾಟಿ ಕಡಲಿಗೆ ಹೋಗುತ್ತಿದ್ದರು. ದೊಡ್ಡ ಮೀನು ಸಿಕ್ಕರೆ ಅಚ್ಚು. ಆ ಕಾಲದ ಕೋಲುಗಳನ್ನೂ ಅಚ್ಚುಗಳನ್ನೂ ತ್ಸುರುವೋಕಾದ ಚಿದೋ ಮ್ಯೂಸಿಯಂ ಕಾಪಾಡಿಕೊಂಡು ಬಂದಿದೆ.

ಅಚ್ಚಿನ ಪಕ್ಕದಲ್ಲಿ ಏನು ಬರೆದಿರುತ್ತಾರೆ ಅನ್ನುವುದನ್ನು ಗಮನಿಸಿ. ಮೀನಿನ ಹೆಸರು, ಹಿಡಿದ ಜಾಗ, ತಾರೀಖು, ಉದ್ದ, ತೂಕ, ಹಿಡಿದವನ ಹೆಸರು. ಇವತ್ತು ಜಪಾನಿನ ಗಾಳದ ಅಂಗಡಿಗಳ ಗೋಡೆಯಲ್ಲಿ ಕಾಣುವ ಅಚ್ಚುಗಳಲ್ಲಿ ಇನ್ನೊಂದು ಸಾಲೂ ಇರುತ್ತದೆ: ಕಣ್ಣಾರೆ ಕಂಡವರ ಹೆಸರು. ನಮ್ಮಲ್ಲಿ ಜಾಗದ ಕ್ರಯಪತ್ರಕ್ಕೆ ಸಾಕ್ಷಿ ಸಹಿ ಹಾಕಿಸುತ್ತೇವಲ್ಲ, ಹಾಗೆ. ವಿಡಿಯೋದಲ್ಲಿ ನಿಮಗೆ ಕಂಡದ್ದು ಬಹುಶಃ ಶಾಯಿ, ಕಾಗದ, ಹೊಳೆಯುವ ಹುರುಪೆ. ಈ ಬರವಣಿಗೆ ಕ್ಯಾಮರಾಕ್ಕೆ ಅಷ್ಟು ಚೆಂದ ಕಾಣುವುದಿಲ್ಲ, ಬಿಟ್ಟುಬಿಟ್ಟಿರುತ್ತಾರೆ. ನನ್ನ ಲೆಕ್ಕದಲ್ಲಿ ಗ್ಯೋತಾಕುವಿನ ಜೀವಾಳ ಅದೇ.

ಯಾಕೆ ಅಂದರೆ, ಯೂಸುಕೆ ಮಿಯಾಝಾಕಿ ಮತ್ತು ಅತ್ಸುನೊಬು ಮುರಾಸೆ ಅನ್ನುವ ಇಬ್ಬರು ಮೀನು ವಿಜ್ಞಾನಿಗಳು ಈ ಬರವಣಿಗೆ ಹಿಡಿದುಕೊಂಡು ಒಂದು ಒಳ್ಳೆಯ ಕೆಲಸ ಮಾಡಿದರು. ಉತ್ತರದ ಹೊಕ್ಕೈಡೊದಿಂದ ದಕ್ಷಿಣದ ಮಿಯಾಝಾಕಿ ಪ್ರಾಂತ್ಯದ ತನಕ ಮ್ಯೂಸಿಯಂಗಳಲ್ಲಿ, ಗಾಳದ ಅಂಗಡಿಗಳಲ್ಲಿ ಇದ್ದ ಅಚ್ಚುಗಳನ್ನು ಹುಡುಕಿ ಜೋಡಿಸಿದರು. 2020ರಲ್ಲಿ ಝೂಕೀಸ್ ಅನ್ನುವ ಪ್ರಾಣಿವಿಜ್ಞಾನ ಪತ್ರಿಕೆಯಲ್ಲಿ ಬಂದ ಅವರ ವರದಿಯಲ್ಲಿ 261 ಹಾಳೆಗಳಿವೆ. ಅವುಗಳ ಮೇಲೆ 325 ಮೀನುಗಳು. ಬಹುಪಾಲು ಮೀನುಗಳಿಗೆ ಎಲ್ಲಿ, ಯಾವಾಗ ಸಿಕ್ಕಿತು ಅನ್ನುವ ವಿವರ ಪೂರ್ತಿ ಇತ್ತು. ಅಂದರೆ ಯಾವುದೋ ಅಂಗಡಿಯಲ್ಲಿ ಹೊಗೆ ಹಿಡಿದು ನೇತಾಡುತ್ತಿದ್ದ ಹಾಳೆ ವಿಜ್ಞಾನಕ್ಕೆ ದಾಖಲೆಯಾಯಿತು. ಈಗ ಅಪರೂಪವಾಗಿರುವ ಮೀನು ಮೊದಲು ಎಲ್ಲೆಲ್ಲಿ ಸಿಗುತ್ತಿತ್ತು ಅಂತ ಹೇಳುವ ದಾಖಲೆ.

ಅದರಲ್ಲಿ ಹೊಕ್ಕೈಡೊದ ಇತೋ ಮೀನಿದೆ. ಸಾಲ್ಮನ್ ಜಾತಿಯದ್ದು, ಮೀಟರಿಗಿಂತ ಉದ್ದ ಬೆಳೆಯುತ್ತದೆ, ನದಿ ಮತ್ತು ಕಡಲು ಎರಡರಲ್ಲೂ ಓಡಾಡುತ್ತದೆ. ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರ ಇದೆ ಅಂತ ಹೇಳುವ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ತೀವ್ರ ಅಪಾಯದ ಸಾಲಿನಲ್ಲಿದೆ, ಅಂದರೆ ಹೊಳೆ, ಕಡಲಿನಿಂದ ಅಳಿಯುವುದಕ್ಕೆ ಒಂದೇ ಮೆಟ್ಟಿಲು ಬಾಕಿ. ಮಿಯಾಝಾಕಿ ಪ್ರಾಂತ್ಯದ ಆಕಾಮೆ ಕೂಡ ಇದೆ. ಬೆಳಕು ಬಿದ್ದರೆ ಕಣ್ಣು ಕೆಂಪಗೆ ಹೊಳೆಯುವ, ಹೊಳೆ ಕಡಲು ಸೇರುವ ಅಳಿವೆಯ ಮೀನು ಅದು, ಜಪಾನ್ ಬಿಟ್ಟು ಬೇರೆಲ್ಲೂ ಇಲ್ಲ. ಅಚ್ಚು ತೆಗೆದ ಗಾಳದವರಿಗೆ ಸಂರಕ್ಷಣೆಯ ಯೋಚನೆ ಏನೂ ಇದ್ದಿರಲಿಕ್ಕಿಲ್ಲ. ಜಂಬಕ್ಕೆ ತೆಗೆದರು. ಆದರೆ ತಾರೀಖು, ಜಾಗ ಸರಿಯಾಗಿ ಬರೆದರು. ಅಷ್ಟು ಸಾಕಾಯಿತು.

ಹಾಗಾದರೆ ಫೋಟೋ ಸಾಲದಾ ಅಂತ ಮಕ್ಕಳು ಕೇಳುತ್ತಾರೆ. ಕೇಳಲಿ, ಒಳ್ಳೆಯ ಪ್ರಶ್ನೆ. ಜಪಾನಿನಲ್ಲೂ ಕ್ಯಾಮರಾ ಕೈಗೆ ಬಂದ ಮೇಲೆ ಅಚ್ಚು ತೆಗೆಯುವವರು ಕಡಿಮೆಯಾದರು. ಆದರೆ ಫೋಟೋದಲ್ಲಿ ಅಳತೆ ಗೊತ್ತಾಗುವುದಿಲ್ಲ. ಕೈ ಮುಂದಕ್ಕೆ ಚಾಚಿ ಹಿಡಿದರೆ ಸಣ್ಣ ಕಾಣೆ ಮೀನೂ ದೊಡ್ಡ ಅಂಜಲ್ ಮೀನಿನಷ್ಟು ಕಾಣುತ್ತದೆ. ಅಚ್ಚು ಮೀನಿನ ಅಳತೆಗೇ ಬರುತ್ತದೆ. ಚೆನ್ನಾಗಿ ಬಂದ ಅಚ್ಚಿನಲ್ಲಿ ರೆಕ್ಕೆಯ ಕಡ್ಡಿಗಳನ್ನು ಎಣಿಸಬಹುದು, ಮೈಯ ಉದ್ದಕ್ಕೆ ಹೋಗುವ ಗೆರೆಯ ಮೇಲೆ ಎಷ್ಟು ಹುರುಪೆ ಇವೆ ಅಂತ ಲೆಕ್ಕ ಹಾಕಬಹುದು. ಮೀನಿನ ಜಾತಿ ಗುರುತಿಸಲು ನಾವು ಲ್ಯಾಬಿನಲ್ಲಿ ಎಣಿಸುವುದೂ ಇದನ್ನೇ. ಒಂದು ಎಚ್ಚರಿಕೆ ಮಾತ್ರ ಇದೆ. ಮೀನಿನ ಮೈ ಉಬ್ಬಿರುತ್ತದೆ, ಕಾಗದ ಆ ಉಬ್ಬಿನ ಮೇಲೆ ಸುತ್ತಿಕೊಂಡು ಆಮೇಲೆ ಚಪ್ಪಟೆಯಾಗುತ್ತದೆ. ಹಾಗಾಗಿ ಅಚ್ಚಿನಲ್ಲಿ ಮೀನು ನಿಜಕ್ಕಿಂತ ಸ್ವಲ್ಪ ಅಗಲ, ಸ್ವಲ್ಪ ದಷ್ಟಪುಷ್ಟ. ಉದ್ದದಲ್ಲೂ ಚೂರು ಹೆಚ್ಚುಕಮ್ಮಿ ಆಗುತ್ತದೆ. ಅಚ್ಚಿನ ಮೇಲೆ ಸ್ಕೇಲ್ ಇಟ್ಟು ಅಳೆದದ್ದನ್ನು ಬರೆಯಬೇಡಿ. ಮೀನನ್ನೇ ಅಳೆದು ಬರೆಯಿರಿ.

ಇನ್ನು ಕಾನೂನಿನ ವಿಷಯ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಅದರ ಪಟ್ಟಿಗಳಿಗೆ 2001ರಲ್ಲಿ ಕಡಲಜೀವಿಗಳು ದೊಡ್ಡ ಸಂಖ್ಯೆಯಲ್ಲಿ ಸೇರಿದವು: ವೇಲ್ ಶಾರ್ಕ್, ಗರಗಸ ಮೀನು, ದೈತ್ಯ ಗ್ರೂಪರ್, ಕಡಲ ಕುದುರೆ, ಸಮುದ್ರ ಸೌತೆ, ಹವಳ, ಕೆಲವು ಶಂಖಗಳು. ಆಮೆ, ಡಾಲ್ಫಿನ್, ತಿಮಿಂಗಿಲಗಳಿಗೂ ಇದೇ ಕಾಯ್ದೆಯ ರಕ್ಷಣೆ ಇದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆಗ ತಾಟೆ (ಶಾರ್ಕ್), ತೊರಕೆಗಳ (ರೇ ಮೀನು) ಇನ್ನಷ್ಟು ಜಾತಿಗಳು ಪಟ್ಟಿಗೆ ಬಂದವು. ಇವುಗಳನ್ನು ಹಿಡಿಯುವುದು ಮಾತ್ರ ಅಲ್ಲ, ಸತ್ತದ್ದನ್ನು ಇಟ್ಟುಕೊಳ್ಳುವುದೂ ಅಪರಾಧ. ದಡಕ್ಕೆ ಬಿದ್ದ ಸತ್ತ ಆಮೆ ಸಿಕ್ಕಿತು, ಚಿಪ್ಪಿನ ಅಚ್ಚು ತೆಗೆಯೋಣ ಅಂತ ಯಾರಾದರೂ ಉತ್ಸಾಹದಲ್ಲಿ ಹೇಳಿದರೆ ತಡೆಯಿರಿ. ಅದನ್ನು ಮುಟ್ಟದೆ ಅರಣ್ಯ ಇಲಾಖೆಗೆ ಫೋನ್ ಮಾಡುವುದೇ ಸರಿಯಾದ ದಾರಿ. ತಾಟೆ, ತೊರಕೆಗಳ ತಂಟೆಗೆ ಮಕ್ಕಳ ಶಿಬಿರದಲ್ಲಿ ಹೋಗಲೇಬೇಡಿ. ಯಾವುದು ಪಟ್ಟಿಯಲ್ಲಿದೆ, ಯಾವುದು ಇಲ್ಲ ಅಂತ ಮರಿಯ ಹಂತದಲ್ಲಿ ಗುರುತಿಸುವುದು ನಮ್ಮಂಥವರಿಗೇ ಕಷ್ಟ.

ಕಾನೂನಿಗಿಂತ ದೊಡ್ಡ ಕಾರಣ ಇದೆ ಅಂದೆನಲ್ಲ, ಅದು ಹೀಗಿದೆ. ಅಪರೂಪದ ಪ್ರಾಣಿಯ ಚಿತ್ರ ನೋಡಿದವರು 'ಅಯ್ಯೋ ಪಾಪ' ಅನ್ನುತ್ತಾರೆ. ಮನೆಗೆ ಹೋಗುತ್ತಾರೆ. ಆ ಪ್ರಾಣಿಗೂ ತಮಗೂ ಏನು ಸಂಬಂಧ ಅಂತ ಅವರಿಗೆ ಹೊಳೆಯುವುದಿಲ್ಲ. ನಿಜ ಏನೆಂದರೆ, ತೊಂದರೆಯಲ್ಲಿರುವ ಮೀನು ಎಷ್ಟೋ ಸಲ ದೂರದ ಕಡಲಲ್ಲಿರುವುದಿಲ್ಲ, ತಟ್ಟೆಯಲ್ಲೇ ಇರುತ್ತದೆ. ಜಪಾನನ್ನೇ ತಗೊಳ್ಳಿ. ಅಲ್ಲಿ ಬೇಸಿಗೆಯಲ್ಲಿ ಹಾವುಮೀನು ತಿನ್ನಲೆಂದೇ ಒಂದು ದಿನ ಇದೆ. ಅಂಗಡಿಗಳ ಮುಂದೆ ಸಾಲು ನಿಲ್ಲುತ್ತಾರೆ. ಅದೇ ಜಪಾನಿ ಹಾವುಮೀನು 2014ರಿಂದ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯದ ಸಾಲಿನಲ್ಲಿದೆ. ಸಾಕಣೆ ಮಾಡುತ್ತಾರಲ್ಲ ಅಂತೀರಾ? ಸಾಕಲು ಬೇಕಾದ ಮರಿಗಳನ್ನೂ ಕಡಲಿಂದಲೇ ಹಿಡಿದು ತರಬೇಕು.

ಪಟ್ಟಿ ಕಲ್ಲಿನ ಮೇಲೆ ಕೆತ್ತಿದ್ದೇನೂ ಅಲ್ಲ. ಸುಶಿಗೆ ಹೆಸರಾದ ಬ್ಲೂಫಿನ್ ಟ್ಯೂನಾಗಳನ್ನು ನೋಡಿ. ಹಿಡಿಯುವುದಕ್ಕೆ ಮಿತಿ ಹಾಕಿ, ಆ ಮಿತಿ ಸರಿಯಾಗಿ ಪಾಲಿಸಿದ ಮೇಲೆ ಅಟ್ಲಾಂಟಿಕ್ ಬ್ಲೂಫಿನ್ 2021ರಲ್ಲಿ ಅಪಾಯದ ಸಾಲಿನಿಂದ ಹೊರಗೆ ಬಂತು. ಪೆಸಿಫಿಕ್ ಬ್ಲೂಫಿನ್ ಕೂಡ ಒಂದು ಮೆಟ್ಟಿಲು ಮೇಲಕ್ಕೆ ಬಂತು. ಇದನ್ನು ಪ್ರದರ್ಶನದಲ್ಲಿ ಹೇಳಲೇಬೇಕು. ಬರೀ ಸಾವಿನ ಸುದ್ದಿ ಓದಿಸಿದರೆ ಮಕ್ಕಳು 'ಇನ್ನೇನು, ಎಲ್ಲ ಮುಗಿಯಿತು' ಅಂದುಕೊಳ್ಳುತ್ತಾರೆ. ಹಾಗಂತ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ಅದೇ 2021ರಲ್ಲಿ ಬಂದ ಲೆಕ್ಕದ ಪ್ರಕಾರ ಜಗತ್ತಿನ ತಾಟೆ, ತೊರಕೆ ಜಾತಿಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಅಳಿವಿನ ಅಪಾಯದಲ್ಲಿವೆ. ಮುಖ್ಯ ಕಾರಣ ಒಂದೇ, ಮಿತಿಮೀರಿ ಹಿಡಿಯುವುದು. ತಾಟೆ, ತೊರಕೆ ದೊಡ್ಡದಾಗಲು ಬಹಳ ವರ್ಷ ಬೇಕು. ಮರಿ ಹಾಕುವುದೂ ಕಡಿಮೆ. ಬಂಗುಡೆಯ ಹಾಗೆ ಸಾವಿರಗಟ್ಟಲೆ ಮೊಟ್ಟೆ ಇಡುವ ಜಾತಿ ಅಲ್ಲ. ಅವುಗಳಿಗಾಗಿ ಬೀಸದ ಬಲೆಗೆ ಸಿಕ್ಕಿ ಸಾಯುವುದೂ ಬಹಳ.

ಜಾಗೃತಿಯಿಂದ ಏನಾದರೂ ಆಗುತ್ತದಾ ಅಂತ ಕೇಳಿದಿರಿ. ಆಗುತ್ತದೆ. ನಮ್ಮದೇ ಪಶ್ಚಿಮ ಕರಾವಳಿಯ ಒಂದು ಉದಾಹರಣೆ ಇದೆ, ಗುಜರಾತಿನ ವೇಲ್ ಶಾರ್ಕ್. ಅದರ ಮಾಂಸಕ್ಕೆ, ಪಿತ್ತಜನಕಾಂಗದ ಎಣ್ಣೆಗೆ ಸೌರಾಷ್ಟ್ರದ ಕರಾವಳಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಬೇಟೆ ನಡೆಯುತ್ತಿತ್ತು. 2001ರಲ್ಲಿ ಕಾನೂನು ಬಂತು, ಆದರೆ ಆ ಮೀನು ಕಾನೂನಿನಲ್ಲಿದೆ ಅಂತ ಎಷ್ಟೋ ಮೀನುಗಾರರಿಗೆ ಗೊತ್ತೇ ಇರಲಿಲ್ಲ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಅಲ್ಲಿ ಅಭಿಯಾನ ಶುರು ಮಾಡಿತು. ಗಾಳಿ ತುಂಬಿ ನಿಲ್ಲಿಸುವ, ನಿಜವಾದ ಅಳತೆಯ ವೇಲ್ ಶಾರ್ಕ್ ಬೊಂಬೆಯನ್ನು ಊರೂರಿಗೆ ಒಯ್ದರು. ಬೀದಿನಾಟಕ ಆಡಿದರು. ಕಥಾಕಾರ ಮೊರಾರಿ ಬಾಪು ಅವರು ಅದನ್ನು ತವರಿಗೆ ಹೆರಿಗೆಗೆ ಬರುವ ಮಗಳು ಅಂತ ಕರೆದರು. ಆ ಮಾತು ಜನರ ಮನಸ್ಸಿಗೆ ತಾಗಿತು. ಬಲೆಗೆ ಸಿಕ್ಕ ನೂರಾರು ವೇಲ್ ಶಾರ್ಕ್‌ಗಳನ್ನು ಆಮೇಲೆ ಮೀನುಗಾರರೇ ಬಲೆ ಕತ್ತರಿಸಿ ಬಿಟ್ಟರು.

ಈ ಕಥೆ ಹೇಳುವವರು ಒಂದು ಅರ್ಧ ಬಿಟ್ಟುಬಿಡುತ್ತಾರೆ. ಕತ್ತರಿಸಿದ ಬಲೆಗೆ ಸರ್ಕಾರ ಪರಿಹಾರ ಕೊಟ್ಟಿತು. ಬಲೆ ಅಂದರೆ ಸಾವಿರಾರು ರೂಪಾಯಿ, ಸಾಲ ಮಾಡಿ ತಂದದ್ದು. ಅದರ ನಷ್ಟ ಯಾರ ತಲೆಗೆ ಅನ್ನುವುದು ಇತ್ಯರ್ಥ ಆಗದಿದ್ದರೆ ಎಷ್ಟು ದೊಡ್ಡ ಬೊಂಬೆ ತಂದು ನಿಲ್ಲಿಸಿದರೂ ಪ್ರಯೋಜನ ಇಲ್ಲ. ನಿಮ್ಮ ಪ್ರದರ್ಶನಕ್ಕೆ ಮೀನುಗಾರರ ಮನೆಯವರು ಬಂದೇ ಬರುತ್ತಾರೆ. ಅಪ್ಪ, ಮಾವ ಬೋಟಿಗೆ ಹೋಗುವ ಮಕ್ಕಳು ನಿಮ್ಮ ಕ್ಲಾಸಿನಲ್ಲೇ ಇರುತ್ತಾರೆ. 'ಮೀನುಗಾರರು ಕಡಲು ಬರಿದು ಮಾಡಿದರು' ಅನ್ನುವ ಬೋರ್ಡು ದಯವಿಟ್ಟು ಬೇಡ. ಸಣ್ಣ ಮೀನೂ ನುಸುಳದ ಬಲೆಕಣ್ಣು, ಲೈಟ್ ಹಾಕಿ ಮೀನು ಒಟ್ಟುಗೂಡಿಸಿ ಹಿಡಿಯುವುದು, ಮರಿ ಮೀನನ್ನೂ ಕೊಳ್ಳುವ ಫಿಶ್‌ಮೀಲ್ ಕಾರ್ಖಾನೆಗಳು, ಇವೆಲ್ಲದರ ಬಗ್ಗೆ ಆ ಹುಡುಗರ ಮನೆಯಲ್ಲಿ ನಮಗಿಂತ ಜಾಸ್ತಿ ಗೊತ್ತಿರುತ್ತದೆ. ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಅಂತ ಹೇಳಿ. ಮೊದಲು ಯಾವ ಮೀನು ಬರುತ್ತಿತ್ತು, ಎಷ್ಟು ದೊಡ್ಡದಿತ್ತು, ಯಾವ ತಿಂಗಳಲ್ಲಿ, ಎಷ್ಟು ಮಾರು ನೀರಿನಲ್ಲಿ. ಅದನ್ನು ಅಚ್ಚಿನ ಪಕ್ಕ ಅಂಟಿಸಿ. ಸಾಕ್ಷಿಯ ಸಾಲಿಗೆ ಅಜ್ಜನ ಸಹಿ ಹಾಕಿಸಿ.

ಹಾಗಾದರೆ ಯಾವ ಮೀನು? ನಮ್ಮ ಪೇಟೆಯಲ್ಲಿ ದಿನಾ ಸಿಗುವ ಮೀನು. ಕೈ ಕೂರಲು ಮೊದಲು ನಂಗು ತಗೊಳ್ಳಿ. ಚಪ್ಪಟೆ ಇರುವುದರಿಂದ ಕಾಗದ ಸುಲಭವಾಗಿ ಕೂರುತ್ತದೆ. ಘಟ್ಟದ ಮೇಲಿನ ಶಾಲೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೆರೆಯ ಜಿಲೇಬಿ ಮೀನು ಇನ್ನೂ ಒಳ್ಳೆಯದು. ಹುರುಪೆ ದೊಡ್ಡದು, ಗಟ್ಟಿ. ಅಚ್ಚು ಮೊದಲ ಸಲಕ್ಕೇ ಚೆಂದ ಬರುತ್ತದೆ. ಮಾಂಜಿಯ (ಪಾಂಫ್ರೆಟ್) ಆಕಾರ ಚೆಂದ, ಆದರೆ ಬೆಲೆ ಕೇಳಿದರೆ ಮುಖ್ಯೋಪಾಧ್ಯಾಯರು ಒಪ್ಪಲಿಕ್ಕಿಲ್ಲ. ಬಂಗುಡೆ ಕಷ್ಟ. ಮೈ ನುಣುಪು, ಹುರುಪೆ ಸಣ್ಣ, ಶಾಯಿ ಜಾರುತ್ತದೆ. ಆದರೂ ನಿಮ್ಮ ಪ್ರದರ್ಶನದ ನಾಯಕ ಬಂಗುಡೆಯೇ ಆಗಲಿ. ಕಾರಣ ಆಮೇಲೆ.

ಮಾಡುವ ವಿಧಾನ ಎರಡು ಮುಖ್ಯ. ನೇರ ವಿಧಾನದಲ್ಲಿ ಮೀನಿಗೆ ಶಾಯಿ ಬಳಿದು ಮೇಲೆ ಕಾಗದ ಒತ್ತುತ್ತಾರೆ. ಅಚ್ಚು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಬರುತ್ತದೆ, ಎಡಕ್ಕೆ ನೋಡುವ ಮೀನು ಬಲಕ್ಕೆ ನೋಡುತ್ತದೆ. ಇನ್ನೊಂದರಲ್ಲಿ ಒದ್ದೆ ಕಾಗದವನ್ನೋ ರೇಷ್ಮೆಯನ್ನೋ ಮೀನಿಗೆ ಅಂಟಿಸಿ, ಹತ್ತಿಯನ್ನು ರೇಷ್ಮೆಯಲ್ಲಿ ಕಟ್ಟಿದ ಸಣ್ಣ ಉಂಡೆಯಿಂದ ಮೇಲಿನಿಂದ ಬಣ್ಣ ತಟ್ಟುತ್ತಾ ಹೋಗುತ್ತಾರೆ. ಬಣ್ಣಬಣ್ಣದ ನಾಜೂಕಿನ ಅಚ್ಚುಗಳೆಲ್ಲ ಹೆಚ್ಚಾಗಿ ಈ ಎರಡನೆಯ ವಿಧಾನದ್ದು. ಅದಕ್ಕೆ ತಾಳ್ಮೆ ಬೇಕು, ಹೈಸ್ಕೂಲಿನ ಮಕ್ಕಳಿಗೆ ಹೇಳಿದ್ದಲ್ಲ. ನೇರ ವಿಧಾನವೇ ಸಾಕು.

ಮೀನು ಕೆಡದಂತೆ ಐಸಿನಲ್ಲಿಟ್ಟು ತನ್ನಿ. ಹುರುಪೆ ತೆಗೆಸಬೇಡಿ, ಹೊಟ್ಟೆ ಸೀಳಿಸಬೇಡಿ. ಮೊದಲ ಕೆಲಸ ಲೋಳೆ ತೆಗೆಯುವುದು. ಅಚ್ಚು ಹಾಳಾಗುವುದು ಹತ್ತಕ್ಕೆ ಒಂಬತ್ತು ಸಲ ಇಲ್ಲೇ. ಉಪ್ಪು ಹಾಕಿ ಮೆತ್ತಗೆ ತಿಕ್ಕಿ, ಮೆದು ಬ್ರಷ್ಷಿನಿಂದ ತಲೆಯಿಂದ ಬಾಲದ ಕಡೆಗೆ ತೊಳೆಯಿರಿ. ಹೋಗದಿದ್ದರೆ ಸ್ವಲ್ಪ ವಿನೆಗರ್. ಆಮೇಲೆ ಬಟ್ಟೆಯಿಂದ ಒತ್ತಿ ಒರೆಸಿ. ಕಿವಿರಿನಿಂದ ರಕ್ತನೀರು ಇಳಿಯುತ್ತಲೇ ಇರುತ್ತದೆ, ಕಾಗದದ ಮೇಲೆ ಹಳದಿ ಕಲೆ ಬೀಳುವುದು ಅದರಿಂದ. ಕಿವಿರು, ಬಾಯಿ, ಗುದದ್ವಾರಕ್ಕೆ ಹತ್ತಿ ತುರುಕಿ.

ಇನ್ನು ರೆಕ್ಕೆ. ಥರ್ಮಕೋಲಿನಲ್ಲಿ ಮೀನಿನ ಆಕಾರಕ್ಕೆ ಗುಳಿ ಕೊರೆದು ಅರ್ಧ ಮೈ ಕೂರುವ ಹಾಗೆ ಮಲಗಿಸಿ. ರೆಕ್ಕೆಗಳ ಕೆಳಗೆ ಥರ್ಮಕೋಲಿನ ಅಂಚು ಬರಬೇಕು. ಒಂದೊಂದು ರೆಕ್ಕೆಯನ್ನೂ ಬಿಡಿಸಿ ಗುಂಡುಸೂಜಿ ಚುಚ್ಚಿ, ಸ್ವಲ್ಪ ಹೊತ್ತು ಒಣಗಲು ಬಿಟ್ಟರೆ ಅದೇ ಭಂಗಿಯಲ್ಲಿ ನಿಲ್ಲುತ್ತದೆ. ಆಮೇಲೆ ಸೂಜಿ ತೆಗೆಯಿರಿ. ಶೆಡೆಯಂಥ ಮುಳ್ಳಿನ ಮೀನು ಈ ಕೆಲಸಕ್ಕೆ ಬೇಡ, ಚುಚ್ಚಿದರೆ ರಾತ್ರಿಯಿಡೀ ನೋವು.

ಜಪಾನಿನವರು ಬಳಸುವುದು ಸುಮಿ ಅನ್ನುವ ಮಸಿಯ ಶಾಯಿ, ಕಾಗದ ವಾಶಿ. ವಾಶಿ ಹಿಪ್ಪುನೇರಳೆಯ ನೆಂಟ ಗಿಡವೊಂದರ ನಾರಿನಿಂದ ಮಾಡಿದ್ದು, ತೆಳು, ಆದರೆ ಒದ್ದೆಯಾದರೂ ಹರಿಯುವುದಿಲ್ಲ. ನೀವು ಅದನ್ನೇ ತರಿಸಬೇಕಾಗಿಲ್ಲ. ಡ್ರಾಯಿಂಗ್ ಸಾಮಾನಿನ ಅಂಗಡಿಯಲ್ಲಿ ರೈಸ್ ಪೇಪರ್ ಅಂತ ಕೇಳಿ, ಅಥವಾ ತೆಳು ಕೈಕಾಗದ. ಹಳೆಯ ಬಿಳಿ ಪಂಚೆಯ ತೆಳು ಬಟ್ಟೆಯ ಮೇಲೂ ಚೆನ್ನಾಗಿ ಬರುತ್ತದೆ. ಅಭ್ಯಾಸಕ್ಕೆ ನ್ಯೂಸ್‌ಪ್ರಿಂಟ್ ಸಾಕು. ಡ್ರಾಯಿಂಗ್ ಶೀಟ್ ಬೇಡ, ದಪ್ಪ ಕಾಗದ ಮೀನಿನ ಮೈಗೆ ಬಗ್ಗುವುದಿಲ್ಲ. ಶಾಯಿ ನೀರಿನಲ್ಲಿ ಕರಗುವ ಕಪ್ಪು ಬ್ಲಾಕ್ ಪ್ರಿಂಟಿಂಗ್ ಬಣ್ಣ. ತೆಳ್ಳಗೆ ಬಳಿಯಿರಿ. ಮೊದಲು ತಲೆಯಿಂದ ಬಾಲಕ್ಕೆ, ಆಮೇಲೆ ತುಂಬ ಹಗುರವಾಗಿ ಬಾಲದಿಂದ ತಲೆಗೆ. ಎದುರು ದಿಕ್ಕಿನಲ್ಲಿ ಬ್ರಷ್ ಆಡಿಸಿದಾಗ ಹುರುಪೆಯ ಅಂಚಿಗೆ ಶಾಯಿ ಹಿಡಿಯುತ್ತದೆ, ಒಂದೊಂದು ಹುರುಪೆಯೂ ಬಿಡಿಬಿಡಿಯಾಗಿ ಕಾಣುವುದು ಅದರಿಂದಲೇ. ಕಣ್ಣಿಗೆ ಬಳಿಯಬೇಡಿ.

ಕಾಗದ ಇಟ್ಟ ಮೇಲೆ ಅಲ್ಲಾಡಿಸಬಾರದು. ಒಬ್ಬರು ಹಿಡಿಯಲಿ, ಇನ್ನೊಬ್ಬರು ಬೆರಳ ತುದಿಯಿಂದ ಹೊಟ್ಟೆಯ ಮಧ್ಯದಿಂದ ಹೊರಗೆ ಒತ್ತುತ್ತಾ ಹೋಗಲಿ. ರೆಕ್ಕೆ, ಬಾಲ ಕೊನೆಗೆ. ತಲೆಯ ಕಡೆಯಿಂದ ನಿಧಾನ ಎತ್ತಿ. ಮೊದಲ ಅಚ್ಚು ಸಾಮಾನ್ಯವಾಗಿ ಕಪ್ಪು ಮುದ್ದೆ. ಶಾಯಿ ಹಾಕದೆ ಅದೇ ಮೀನಿನ ಮೇಲೆ ಇನ್ನೊಂದು ಕಾಗದ ಇಡಿ, ಎರಡನೆಯದು ಎಷ್ಟೋ ಚೆನ್ನಾಗಿರುತ್ತದೆ. ಒಣಗಿದ ಮೇಲೆ ಸಣ್ಣ ಬ್ರಷ್ಷಿನಿಂದ ಕಣ್ಣು ಬರೆಯಬೇಕು. ಜಪಾನಿನಲ್ಲೂ ಕಣ್ಣನ್ನು ಕೈಯಲ್ಲೇ ಬರೆಯುತ್ತಾರೆ, ಮೆತ್ತಗಿನ ಕಣ್ಣಿನ ಅಚ್ಚು ಸರಿಯಾಗಿ ಬರುವುದಿಲ್ಲ. ಬಂಗುಡೆಯ ಕಣ್ಣು ಎಷ್ಟು ದೊಡ್ಡದು, ಪಾಪೆ ಯಾವ ಆಕಾರ ಅಂತ ಆ ಹೊತ್ತಿಗೆ ಮಕ್ಕಳು ಮೊದಲ ಸಲ ಸರಿಯಾಗಿ ನೋಡುತ್ತಾರೆ. ದಿನಾ ಊಟಕ್ಕೆ ಅದೇ ಮೀನು ಇದ್ದರೂ.

ಅಚ್ಚು ತೆಗೆದ ಮೀನು ತಿನ್ನಬಹುದಾ? ಹವಾಯಿಯ ಗ್ಯೋತಾಕು ಕಲಾವಿದ ನವೋಕಿ ಹಯಾಶಿ ಅವರು ಅಚ್ಚು ತೆಗೆದ ಮೀನನ್ನು ಅಡುಗೆಗೂ ಬಳಸುವುದಕ್ಕೆ ಹೆಸರಾದವರು. ಮೀನು ದಂಡ ಮಾಡಬಾರದು ಅನ್ನುವ ಅವರ ರೀತಿ ನನಗೆ ಬಹಳ ಇಷ್ಟ. ಆದರೆ ಶಾಲೆಯಲ್ಲಿ ಬೇಡ ಅಂತಲೇ ಹೇಳುತ್ತೇನೆ. ಬಣ್ಣದ ಮಾತು ಒಂದು ಕಡೆ ಇರಲಿ. ಬಂಗುಡೆ, ಕೇದರ್ (ಟ್ಯೂನಾ) ಜಾತಿಯ ಮೀನುಗಳನ್ನು ಐಸಿಲ್ಲದೆ ಹೊರಗಿಟ್ಟರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಅನ್ನುವ ವಿಷವಸ್ತು ಆಗುತ್ತದೆ. ಬೇಯಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗಿ, ತಲೆನೋವು, ವಾಂತಿ ಬರುತ್ತದೆ. ಶಿಬಿರ ಮುಗಿಯುವ ಹೊತ್ತಿಗೆ ಮೀನು ಮೇಜಿನ ಮೇಲೆ ಗಂಟೆಗಟ್ಟಲೆ ಇದ್ದಿರುತ್ತದೆ. ತೆಂಗಿನ ಬುಡಕ್ಕೆ ಹಾಕಿ, ಒಳ್ಳೆಯ ಗೊಬ್ಬರ. ಅದಕ್ಕೇ ಮೀನು ಜಾಸ್ತಿ ತರಬೇಡಿ, ಒಂದೇ ಮೀನಿನಲ್ಲಿ ಹಲವು ಮಕ್ಕಳು ಅಚ್ಚು ತೆಗೆಯಬಹುದು. ವಿದೇಶದ ಶಾಲೆಗಳಲ್ಲಿ ಇದಕ್ಕೆಂದೇ ರಬ್ಬರಿನ ಮೀನು ಬಳಸುತ್ತಾರೆ. ಮೀನು ಮುಟ್ಟಲು ಒಪ್ಪದ ಮಕ್ಕಳಿದ್ದರೆ ಅದೊಂದು ದಾರಿ. ಅವರನ್ನು ಒತ್ತಾಯ ಮಾಡಬೇಡಿ, ಎಲೆಯ ಅಚ್ಚು ತೆಗೆದುಕೊಳ್ಳಲಿ.

ಈಗ ಬಂಗುಡೆ ಯಾಕೆ ಅಂತ. ಅದು ಅಳಿವಿನಂಚಿನ ಮೀನಲ್ಲ. ಆದರೆ ಮೊಟ್ಟೆ ಇಡುವ ಮೊದಲೇ ಹಿಡಿದುಬಿಟ್ಟರೆ ಯಾವ ಮೀನಿಗಾದರೂ ಏನಾಗುತ್ತದೆ ಅನ್ನುವುದನ್ನು ತೋರಿಸಲು ಅದಕ್ಕಿಂತ ಒಳ್ಳೆಯದು ಇಲ್ಲ. ಕೇರಳ 2015ರಲ್ಲಿ ಕೆಲವು ಮೀನುಗಳಿಗೆ ಕನಿಷ್ಠ ಅಳತೆ ಗೊತ್ತು ಮಾಡಿತು. ಬಂಗುಡೆಗೆ 14 ಸೆಂಟಿಮೀಟರ್, ಬೂತಾಯಿ ಮೀನಿಗೆ 10. ಅದಕ್ಕಿಂತ ಸಣ್ಣದನ್ನು ಹಿಡಿಯುವ ಹಾಗಿಲ್ಲ. ಗೋಡೆಯ ಮೇಲೆ 14 ಸೆಂಟಿಮೀಟರಿನ ಎತ್ತರಕ್ಕೆ ಒಂದು ದಾರ ಕಟ್ಟಿ. ಪೇಟೆಯಲ್ಲಿ ಆ ವಾರ ಸಿಕ್ಕಿದ ಬಂಗುಡೆಗಳ ಅಚ್ಚನ್ನು ಬಾಲ ಕೆಳಗಾಗಿ ಸಾಲಾಗಿ ಅಂಟಿಸಿ. ಎಷ್ಟು ಮೀನಿನ ಮೂತಿ ದಾರ ಮುಟ್ಟುತ್ತದೆ, ಎಷ್ಟು ಮುಟ್ಟುವುದಿಲ್ಲ ಅಂತ ಜನರೇ ನೋಡಿಕೊಳ್ಳಲಿ. ಯಾವ ಮೀನು ಎಷ್ಟು ಉದ್ದಕ್ಕೆ ಬೆಳೆದಾಗ ಮೊದಲ ಸಲ ಮೊಟ್ಟೆ ಇಡುತ್ತದೆ ಅನ್ನುವ ಮಾಹಿತಿ ಮಂಗಳೂರಿನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ಸಿಗುತ್ತದೆ. ಒಂದು ಪತ್ರ ಬರೆಯಿರಿ. ಅದಕ್ಕೆ ಇನ್ನೊಂದು ಬಣ್ಣದ ದಾರ.

ಅಳಿವಿನಂಚಿನ ಜೀವಿಗಳಿಗೂ ಜಾಗ ಕೊಡಿ, ಆದರೆ ಅಚ್ಚಿಲ್ಲದೆ. ಗರಗಸ ಮೀನು ಆರು ಮೀಟರಿನ ತನಕ ಬೆಳೆಯುತ್ತಿತ್ತು. ಬಿಳಿ ಬಟ್ಟೆಯನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿ ಕಾರಿಡಾರಿನಲ್ಲಿ ಕಟ್ಟಿ, ಅಂಚಿನ ಗೆರೆ ಮಾತ್ರ ಎಳೆಯಿರಿ. ದೈತ್ಯ ಗ್ರೂಪರ್ 2.7 ಮೀಟರ್, ಅದಕ್ಕೊಂದು. ಬಂಗುಡೆಗೆ ಬರೆದ ಹಾಗೇ ಇವುಗಳ ಕೆಳಗೂ ಹೆಸರು, ಜಾಗ, ತಾರೀಖು, ಉದ್ದ, ತೂಕ, ಸಾಕ್ಷಿ ಅಂತ ಸಾಲು ಬರೆದು ಖಾಲಿ ಬಿಡಿ. ಊರಿನ ಹಿರಿಯರಲ್ಲಿ ಯಾರಾದರೂ ಗರಗಸ ಮೀನು ಕಂಡವರಿದ್ದರೆ ಅವರೇ ಪೆನ್ನು ತಗೊಂಡು ತುಂಬಿಸುತ್ತಾರೆ. ತುಂಬಿಸಿದ್ದನ್ನು ಫೋಟೋ ತೆಗೆದು ಆ ಸಂಶೋಧನಾ ಕೇಂದ್ರಕ್ಕೂ ಕಳಿಸಿ, ಅವರಿಗೂ ಉಪಯೋಗ ಆಗಬಹುದು.

ಒಂದು ಮಾತು ತಾರೀಖಿನ ಬಗ್ಗೆ. ಜೂನ್ 8 ವಿಶ್ವ ಸಾಗರ ದಿನ, ಅವತ್ತೇ ಮಾಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಜೂನ್ 1ರಿಂದ ಜುಲೈ 31ರ ತನಕ ಬೋಟುಗಳಿಗೆ ರಜೆ. ನಾಡದೋಣಿಯ ಮೀನು ಬಿಟ್ಟರೆ ಪೇಟೆಯಲ್ಲಿ ಹೊರಗಿನ ಐಸ್ ಮೀನೇ ಜಾಸ್ತಿ, ಅದು ಎಲ್ಲಿ ಹಿಡಿದದ್ದು ಅಂತ ಮಾರುವವರಿಗೂ ಗೊತ್ತಿರುವುದಿಲ್ಲ. ಜಾಗದ ಸಾಲಿಗೆ ಏನು ಬರೆಯುತ್ತೀರಿ? ನವೆಂಬರ್ 21 ವಿಶ್ವ ಮೀನುಗಾರಿಕಾ ದಿನ. ಆ ಹೊತ್ತಿಗೆ ಮಳೆ ನಿಂತಿರುತ್ತದೆ, ಕಾಗದ ಬೇಗ ಒಣಗುತ್ತದೆ, ಬಂದರಿಗೆ ಮೀನು ಬರುತ್ತಿರುತ್ತದೆ. ಬೆಳಿಗ್ಗೆ ಬೇಗ ಹೋಗಿ, ಇಳಿಸಿದ ಬೋಟಿನವರ ಹತ್ತಿರವೇ ಕೊಳ್ಳಿ. ಎಲ್ಲಿ ಬಲೆ ಹಾಕಿದ್ದು ಅಂತ ಕೇಳಿ ಅಲ್ಲೇ ಬರೆದುಕೊಳ್ಳಿ.